ಇಡಿಗಂಟಾಗಿ ಬಂದ ಅಂಗವೈಕಲ್ಯದ ಹಣ ಮತ್ತು ವರಮಾನ ತೆರಿಗೆ

೧. ವಿಷಯಪ್ರವೇಶ

ದಾವಣಗೆರೆ ಮತ್ತು ಹರಿಹರ ದುಡಿಮೆಯಿಂದ ಹೆಸರಾದ ಊರುಗಳು. ದಾವಣಗೆರೆಯ ಹತ್ತಿ ಗಿರಣಿಗಳು ಒಂದು ಕಾಲದಲ್ಲಿ ನಾಡಿಗೆಲ್ಲ ಪ್ರಸಿದ್ಧವಾಗಿದ್ದುವು. ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸಿ ಹಲವು ತಲೆಮಾರಿನ ಕುಶಲ ಕೆಲಸಗಾರರನ್ನು ಬೆಳೆಸಿತು. ಆ ಕಾರ್ಖಾನೆ ಇಂದು ಇಲ್ಲ. ಗಿರಣಿಗಳೂ ಬಹುಮಟ್ಟಿಗೆ ಮುಚ್ಚಿವೆ. ಆದರೆ ಚಿಕ್ಕ ಲೇತ್ ಶಾಲೆಗಳು, ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು, ನದಿಯಾಚೆಯ ಕುಮಾರಪಟ್ಟಣದ ನಾರಿನ ಕಾರ್ಖಾನೆ, ಎರಡೂ ಊರುಗಳ ಬದಿಯಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಣ ಲಾರಿ ಬಸ್ಸುಗಳು ಇವೆಲ್ಲ ಇಂದಿಗೂ ಸಾವಿರಾರು ಜನರಿಗೆ ಅನ್ನ ಕೊಡುತ್ತಿವೆ. ಯಂತ್ರ ಮತ್ತು ರಸ್ತೆ ಇರುವಲ್ಲಿ ಅಪಘಾತವೂ ಉಂಟು. ಅಪಘಾತದಿಂದ ಅಂಗಹೀನನಾದವನಿಗೆ ನ್ಯಾಯವಾಗಿ ಸಲ್ಲಬೇಕಾದ ಹಣ ಕೈಸೇರುವುದು ಸಾಮಾನ್ಯವಾಗಿ ವರ್ಷಗಳ ಅನಂತರ. ಅದೂ ಒಂದೇ ಇಡಿಗಂಟಾಗಿ.

ಹೀಗೆ ತಡವಾಗಿ ಬಂದ ಹಣದ ಮೇಲೆ ವರಮಾನ ತೆರಿಗೆ ಬೀಳುವುದೇ? ಬೀಳುವುದಾದರೆ ಎಷ್ಟು? ವಾಣಿಜ್ಯಶಾಸ್ತ್ರದ ತರಗತಿಗಳಲ್ಲಿ ಈ ಪ್ರಶ್ನೆ ಅಪರೂಪವಾಗಿ ಮಾತ್ರ ಏಳುತ್ತದೆ. ಆದರೆ ಹಣ ಪಡೆದವನ ಸಂಸಾರಕ್ಕೆ ಇದು ಲಕ್ಷಗಟ್ಟಲೆ ರೂಪಾಯಿಗಳ ಪ್ರಶ್ನೆ. ಇದರ ಉತ್ತರವನ್ನು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳುವುದು ಒಳ್ಳೆಯದು. ಕನ್ನಡದಲ್ಲಿ ‘ಪರಿಹಾರ’ ಎಂಬ ಒಂದೇ ಪದ ನಷ್ಟಕ್ಕೆ ಕೊಡುವ ಹಣಕ್ಕೂ ತೆರಿಗೆಯ ಭಾರ ಇಳಿಸುವ ಉಪಾಯಕ್ಕೂ ಬಳಕೆಯಾಗುತ್ತಿದೆ. ಗೊಂದಲ ತಪ್ಪಿಸಲು ನಾವು ಮೊದಲನೆಯದನ್ನು ಪರಿಹಾರಧನವೆಂದೂ ಎರಡನೆಯದನ್ನು ರಿಯಾಯಿತಿಯೆಂದೂ ಕರೆಯುತ್ತೇವೆ. ಹಿಂದಿನ ವರ್ಷಗಳಿಗೆ ಸಂಬಂಧಿಸಿ ಈಗ ಬಂದ ಸಂಬಳಕ್ಕೆ ಹಿಂಬಾಕಿ ಎಂಬ ರೂಢಿಯ ಪದವನ್ನೇ ಉಳಿಸಿಕೊಂಡಿದ್ದೇವೆ.

೨. ಸಮಸ್ಯೆಯ ಸ್ವರೂಪ

ವರಮಾನ ತೆರಿಗೆಯ ಲೆಕ್ಕ ವರ್ಷಕ್ಕೊಂದು. ಏಪ್ರಿಲ್ ೧ರಿಂದ ಮಾರ್ಚ್ ೩೧ರವರೆಗೆ ಬಂದ ವರಮಾನಕ್ಕೆ ಆ ವರ್ಷದ ದರದಂತೆ ತೆರಿಗೆ. ದರವಾದರೋ ಏರುತ್ತ ಹೋಗುವಂಥದು. ವರಮಾನ ಹೆಚ್ಚಿದಷ್ಟೂ ಮೇಲಿನ ಭಾಗದ ಮೇಲೆ ದರ ಹೆಚ್ಚು. ಪ್ರತಿವರ್ಷವೂ ಸಮವಾಗಿ ಗಳಿಸುವವನ ವಿಷಯದಲ್ಲಿ ಈ ಎರಡು ಏರ್ಪಾಡುಗಳೂ ನ್ಯಾಯವಾಗಿಯೇ ಇವೆ. ಆದರೆ ನಾಲ್ಕು ವರ್ಷದ ಹಣ ಒಂದೇ ವರ್ಷದಲ್ಲಿ ಬಂದಾಗ ಇವೆರಡೂ ಕೂಡಿ ಅನ್ಯಾಯವಾಗುತ್ತದೆ. ಮೂರು ವರ್ಷ ಸಂಬಳವಿಲ್ಲದೆ ಸಾಲಮಾಡಿ ಬದುಕಿದವನು ನಾಲ್ಕನೆಯ ವರ್ಷ ಕಾಗದದ ಮೇಲೆ ಧನಿಕನಾಗಿ ಕಾಣಿಸಿಕೊಳ್ಳುತ್ತಾನೆ. ಹಣ ತಡವಾದದ್ದು ಅವನ ತಪ್ಪಲ್ಲ; ಆದರೂ ತಡದ ದಂಡವನ್ನು ಅವನೇ ತೆರಬೇಕಾಗುತ್ತದೆ.

ಇದಕ್ಕೆ ಶಾಸನದಲ್ಲಿ ಮದ್ದು ಇಲ್ಲವೆಂದಲ್ಲ. ಆದರೆ ಎಲ್ಲ ಬಗೆಯ ಹಣಕ್ಕೂ ಒಂದೇ ಮದ್ದಿಲ್ಲ. ಹರಿಹರದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ವಿಗ್ರಹದ ಒಂದು ಪಾರ್ಶ್ವ ಹರಿ, ಮತ್ತೊಂದು ಪಾರ್ಶ್ವ ಹರ. ಅಂತೆಯೇ ಒಂದೇ ಚೆಕ್ಕಿನಲ್ಲಿ ಬಂದ ಮೊಬಲಗಿನಲ್ಲಿ ಎರಡು ಮೂರು ಬಗೆಯ ಹಣ ಬೆರೆತಿರಬಹುದು. ಪ್ರತಿಯೊಂದು ಭಾಗದ ಮೂಲವೇನು, ಅದು ಯಾವುದರ ಬದಲಿಗೆ ಬಂದಿತು ಎಂಬುದನ್ನು ಗೊತ್ತುಮಾಡಿಕೊಳ್ಳದೆ ತೆರಿಗೆಯ ಮಾತೆತ್ತಲಾಗದು. ಈ ಲೇಖನದ ಮುಖ್ಯ ಪ್ರತಿಪಾದನೆ ಇಷ್ಟೇ: ಮೊದಲು ಹಣವನ್ನು ವಿಂಗಡಿಸಬೇಕು, ಆಮೇಲೆ ಲೆಕ್ಕ ಮಾಡಬೇಕು.

೩. ದೇಹದ ನಷ್ಟಕ್ಕೆ ಬಂದ ಪರಿಹಾರಧನ

ಮೊದಲನೆಯ ಬಗೆ, ಕಳೆದುಹೋದ ಅಂಗಕ್ಕೆ ಅಥವಾ ದುಡಿಯುವ ಶಕ್ತಿಗೆ ಬದಲಾಗಿ ಬಂದ ಹಣ. ಮನುಷ್ಯನ ದೇಹವು ಅವನ ದುಡಿಮೆಯ ಮೂಲ ಬಂಡವಾಳ. ಅದರ ನಷ್ಟಕ್ಕೆ ಬಂದದ್ದು ಬಂಡವಾಳದ ಸ್ವರೂಪದ ಪ್ರಾಪ್ತಿಯೇ ಹೊರತು ವರಮಾನವಲ್ಲ. ಆದುದರಿಂದ ಅದರ ಅಸಲಿನ ಮೇಲೆ ವರಮಾನ ತೆರಿಗೆಯಿಲ್ಲ.

ಇಂತಹ ಹಣದ ಒಂದು ಉದಾಹರಣೆಯನ್ನು ನೋಡೋಣ. ೧೯೨೩ರ ಕಾರ್ಮಿಕರ ಪರಿಹಾರ ಕಾಯಿದೆ ೨೦೧೦ರಿಂದ ನೌಕರರ ಪರಿಹಾರ ಕಾಯಿದೆಯೆಂಬ ಹೆಸರು ಪಡೆಯಿತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ಅದರ ಸ್ಥಾನವನ್ನು ಪಡೆದಿದೆ. ಅದಕ್ಕಿಂತ ಹಿಂದಿನ ಅಪಘಾತಗಳ ಪ್ರಕರಣಗಳು ಹಳೆಯ ಕಾಯಿದೆಯನ್ನು ಅವಲಂಬಿಸಿರುವುದರಿಂದ ಅದರ ಲೆಕ್ಕವನ್ನು ತಿಳಿದಿರುವುದು ಅವಶ್ಯ. ಹತ್ತಕ್ಕಿಂತ ಕಡಮೆ ಜನರಿರುವ, ಆದ್ದರಿಂದ ನೌಕರರ ರಾಜ್ಯ ವಿಮೆಗೆ, ಅಂದರೆ ಇ.ಎಸ್.ಐ.ಗೆ, ಒಳಪಡದ ಒಂದು ಲೇತ್ ಶಾಲೆಯಲ್ಲಿ ೪೦ ವರ್ಷದ ಕೆಲಸಗಾರನೊಬ್ಬ ೨೦೨೦ರ ಜನವರಿ ೩ರ ಅನಂತರ ಹೆಬ್ಬೆರಳನ್ನು ಕಳೆದುಕೊಂಡನೆಂದು ಭಾವಿಸೋಣ. ಆ ದಿನದಿಂದ ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನದ ಮಿತಿ ೧೫,೦೦೦ ರೂಪಾಯಿ. ಶಾಶ್ವತವಾದ ಪೂರ್ಣ ಅಂಗವೈಕಲ್ಯಕ್ಕೆ ವೇತನದ ಶೇಕಡಾ ೬೦ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ೪೦ ವರ್ಷಕ್ಕೆ ಗುಣಕ ೧೮೪.೧೭. ವೇತನವು ಮಿತಿಯನ್ನು ಮುಟ್ಟಿದ್ದರೆ ಗುಣಲಬ್ಧ ೧೬,೫೭,೫೩೦ ರೂಪಾಯಿ. ಹೆಬ್ಬೆರಳಿಗೆ ಅನುಸೂಚಿಯು ನಿಗದಿಮಾಡಿದ ನಷ್ಟ ಶೇಕಡಾ ೩೦. ಆದುದರಿಂದ ಪರಿಹಾರಧನ ೪,೯೭,೨೫೯ ರೂಪಾಯಿ. ಈ ಮೊಬಲಗು ನಾಲ್ಕು ವರ್ಷ ತಡವಾಗಿ ಬಂದರೂ, ಒಂದೇ ಗಂಟಾಗಿ ಬಂದರೂ, ಅದು ವರಮಾನವಾಗುವುದಿಲ್ಲ.

ಕಾಯಿದೆಯ ಪ್ರಕಾರ, ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಹಣ ಕೊಡದ ಮಾಲೀಕನು ವರ್ಷಕ್ಕೆ ಶೇಕಡಾ ೧೨ರ ಬಡ್ಡಿಯನ್ನು ಕೊಡಬೇಕು. ನಾಲ್ಕು ವರ್ಷದ ಸರಳ ಬಡ್ಡಿ ೨,೩೮,೬೮೪ ರೂಪಾಯಿಯಾಗಿ ಕೈಗೆ ಬರುವ ಒಟ್ಟು ಹಣ ೭,೩೫,೯೪೩ ರೂಪಾಯಿಯಾಗುತ್ತದೆ. ಇಲ್ಲಿ ಬಡ್ಡಿಯ ಭಾಗದ ಗತಿ ಬೇರೆ. ಅದನ್ನು ಮುಂದೆ ಐದನೆಯ ಭಾಗದಲ್ಲಿ ವಿಚಾರಿಸುತ್ತೇವೆ.

೪. ಸಂಬಳದ ಹಿಂಬಾಕಿ

ಎರಡನೆಯ ಬಗೆಯ ಹಣವೇ ಅತ್ಯಂತ ತೊಡಕಿನದು. ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ಕೆಲಸಕ್ಕೆ ಬಾರದವನೆಂದು ಮನೆಗೆ ಕಳುಹಿಸುವ ವಾಡಿಕೆಯನ್ನು ೧೯೯೫ರ ಅಂಗವಿಕಲರ ಕಾಯಿದೆಯ ೪೭ನೆಯ ಪ್ರಕರಣ ತಡೆಯಿತು. ಮೊದಲಿನ ಹುದ್ದೆಗೆ ಅವನು ತಕ್ಕವನಲ್ಲವಾದರೆ ಅದೇ ವೇತನದ ಬೇರೆ ಹುದ್ದೆಗೆ ಬದಲಿಸಬೇಕು. ಅಂತಹ ಹುದ್ದೆ ಇಲ್ಲವಾದರೆ ಹೆಚ್ಚುವರಿ ಹುದ್ದೆಯೊಂದನ್ನು ಸೃಷ್ಟಿಸಿ ಅದರಲ್ಲಿರಿಸಿಕೊಳ್ಳಬೇಕು. ೨೦೦೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೇವೆಯಲ್ಲಿದ್ದಾಗ ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬನ ಮೊಕದ್ದಮೆಯಲ್ಲಿ ಈ ರಕ್ಷಣೆಯನ್ನು ಎತ್ತಿಹಿಡಿಯಿತು. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ೨೦ನೆಯ ಪ್ರಕರಣ ಸರ್ಕಾರಿ ಸಂಸ್ಥೆಗಳಿಗೆ ಇದೇ ಕರ್ತವ್ಯವನ್ನು ವಿಧಿಸಿದೆ. ದೃಷ್ಟಿ ಮಂದವಾದ ಬಸ್ಸು ಚಾಲಕ, ಕೈ ಊನವಾದ ಲೈನ್‌ಮನ್ ಮೊದಲಾದವರು ಇದರ ಫಲವನ್ನು ಪಡೆಯತಕ್ಕವರು. ಅವರಿಗೆ ತೀರ್ಪಿನ ಮೂಲಕ ಹಿಂದಿನ ವರ್ಷಗಳ ಸಂಬಳವೂ ದೊರೆತಾಗ ಅದು ಇಡಿಗಂಟಾಗಿಯೇ ಬರುತ್ತದೆ.

ಈ ಹಣ ಅಂಗವೈಕಲ್ಯದ ನಿಮಿತ್ತದಿಂದ ಬಂದದ್ದಾದರೂ ಅಂಗದ ಬೆಲೆಯಲ್ಲ, ಅದು ಸಂಬಳ. ಸಂಬಳದ ಮೇಲೆ ತೆರಿಗೆಯುಂಟು. ಹಿಂದೆ ತೆರಿಗೆಗೆ ಗುರಿಯಾಗದ ಹಿಂಬಾಕಿಯು ಕೈಸೇರಿದ ವರ್ಷದ ವರಮಾನವೆಂದು ಶಾಸನ ಹೇಳುತ್ತದೆ. ಆದರೆ ಅದೇ ಶಾಸನವು ರಿಯಾಯಿತಿಯನ್ನೂ ಇಟ್ಟಿದೆ. ೧೯೨೨ರ ಕಾಯಿದೆಯ ೬೦ನೆಯ ಪ್ರಕರಣದಲ್ಲಿಯೇ ಇದರ ಬೀಜವಿದ್ದಿತು. ೧೯೬೧ರ ಕಾಯಿದೆಯ ೮೯ನೆಯ ಪ್ರಕರಣ ಮತ್ತು ೧೯೬೨ರ ನಿಯಮಾವಳಿಯ ೨೧ಎ ನಿಯಮ ಅದಕ್ಕೆ ಈಗಿನ ರೂಪವನ್ನು ಕೊಟ್ಟವು. ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬರುವಂತೆ ರಚಿತವಾದ ೨೦೨೫ರ ಕಾಯಿದೆಯೂ ಈ ರಿಯಾಯಿತಿಯನ್ನು ಉಳಿಸಿಕೊಂಡಿದೆ.

ಲೆಕ್ಕದ ಕ್ರಮ ಹೀಗಿದೆ. ಮೊದಲು, ಹಣ ಬಂದ ವರ್ಷದಲ್ಲಿ ಹಿಂಬಾಕಿ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ತೆರಿಗೆಯನ್ನು ಕಟ್ಟಿ ವ್ಯತ್ಯಾಸವನ್ನು ತೆಗೆಯಬೇಕು. ಎರಡನೆಯದಾಗಿ, ಹಿಂಬಾಕಿಯು ಸಂಬಂಧಪಟ್ಟ ಪ್ರತಿಯೊಂದು ಹಿಂದಿನ ವರ್ಷಕ್ಕೂ ಆ ವರ್ಷದ ಪಾಲನ್ನು ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ, ಆ ವರ್ಷದ್ದೇ ದರದಿಂದ ತೆರಿಗೆ ಕಟ್ಟಿ ವ್ಯತ್ಯಾಸಗಳನ್ನೆಲ್ಲ ಕೂಡಿಸಬೇಕು. ಮೊದಲನೆಯ ವ್ಯತ್ಯಾಸವು ಎರಡನೆಯ ಮೊತ್ತಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟೇ ರಿಯಾಯಿತಿ. ಹೆಚ್ಚಿಲ್ಲವಾದರೆ ರಿಯಾಯಿತಿಯಿಲ್ಲ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ದಾವಣಗೆರೆಯ ಚಾಲಕನೊಬ್ಬ ೨೦೨೧ರ ಏಪ್ರಿಲಿನಿಂದ ಮೂರು ವರ್ಷ ಕೆಲಸವಿಲ್ಲದೆ ಇದ್ದು, ತೀರ್ಪಿನ ಮೇರೆಗೆ ೨೦೨೪ರ ಏಪ್ರಿಲಿನಲ್ಲಿ ಹೆಚ್ಚುವರಿ ಹುದ್ದೆಗೆ ಮರಳಿದನೆನ್ನೋಣ. ಕಡಿತಗಳನ್ನೆಲ್ಲ ಕಳೆದ ಮೇಲೆ ಅವನ ೨೦೨೪–೨೫ರ ವರಮಾನ ೬,೦೦,೦೦೦ ರೂಪಾಯಿ. ಹಿಂಬಾಕಿ ವರ್ಷಕ್ಕೆ ೬,೦೦,೦೦೦ದಂತೆ ಮೂರು ವರ್ಷಕ್ಕೆ ೧೮,೦೦,೦೦೦ ರೂಪಾಯಿ. ಆ ಮೂರು ವರ್ಷ ಅವನಿಗೆ ಬೇರೆ ವರಮಾನವಿರಲಿಲ್ಲ. ನಾಲ್ಕು ವರ್ಷಗಳಲ್ಲಿಯೂ ದರ ಬದಲಾಗದ ಹಳೆಯ ಪದ್ಧತಿಯನ್ನೇ ಲೆಕ್ಕಕ್ಕೆ ಹಿಡಿದಿದ್ದೇವೆ: ಮೊದಲ ೨,೫೦,೦೦೦ಕ್ಕೆ ತೆರಿಗೆಯಿಲ್ಲ, ಮುಂದೆ ೫,೦೦,೦೦೦ದವರೆಗೆ ಶೇಕಡಾ ೫, ೧೦,೦೦,೦೦೦ದವರೆಗೆ ಶೇಕಡಾ ೨೦, ಅದರ ಮೇಲೆ ಶೇಕಡಾ ೩೦; ಬಂದ ತೆರಿಗೆಯ ಮೇಲೆ ಶೇಕಡಾ ೪ರ ಸೆಸ್.

ಹಿಂಬಾಕಿ ಸೇರಿದ ೨೪,೦೦,೦೦೦ಕ್ಕೆ ತೆರಿಗೆ ೫,೩೨,೫೦೦, ಸೆಸ್ ೨೧,೩೦೦, ಒಟ್ಟು ೫,೫೩,೮೦೦ ರೂಪಾಯಿ. ಸೇರದ ೬,೦೦,೦೦೦ಕ್ಕೆ ಸೆಸ್ ಸಹಿತ ೩೩,೮೦೦ ರೂಪಾಯಿ. ಮೊದಲನೆಯ ವ್ಯತ್ಯಾಸ ೫,೨೦,೦೦೦. ಹಿಂದಿನ ಪ್ರತಿವರ್ಷಕ್ಕೂ ಪಾಲು ಸೇರಿದರೆ ತೆರಿಗೆ ೩೩,೮೦೦, ಸೇರದಿದ್ದರೆ ಶೂನ್ಯ. ಮೂರು ವರ್ಷಕ್ಕೆ ೧,೦೧,೪೦೦. ಆದುದರಿಂದ ರಿಯಾಯಿತಿ ೪,೧೮,೬೦೦ ರೂಪಾಯಿ. ಕೊಡಬೇಕಾದ ತೆರಿಗೆ ೧,೩೫,೨೦೦ ರೂಪಾಯಿ. ಇದು ೩೩,೮೦೦ರ ನಾಲ್ಕು ಪಟ್ಟು. ಅರ್ಥಾತ್, ಸಂಬಳವು ಆಯಾ ವರ್ಷವೇ ಬಂದಿದ್ದರೆ ಅವನು ನಾಲ್ಕು ವರ್ಷಗಳಲ್ಲಿ ಎಷ್ಟು ಕೊಡುತ್ತಿದ್ದನೋ ಸರಿಯಾಗಿ ಅಷ್ಟನ್ನೇ ಈಗಲೂ ಕೊಡುತ್ತಾನೆ. ರಿಯಾಯಿತಿಯು ಕೃಪೆಯಲ್ಲ, ಕೇವಲ ಸಮೀಕರಣ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹಿಂದಿನ ವರ್ಷಗಳ ತೆರಿಗೆ ನಿರ್ಧಾರಗಳನ್ನು ಮತ್ತೆ ತೆರೆಯುವುದಿಲ್ಲ; ಅವುಗಳ ಲೆಕ್ಕವನ್ನು ಅಳತೆಗೋಲಾಗಿ ಮಾತ್ರ ಬಳಸುತ್ತೇವೆ. ಎರಡನೆಯದಾಗಿ, ಹೊಸ ಪದ್ಧತಿಯಲ್ಲಿಯೂ ಈ ರಿಯಾಯಿತಿ ಲಭ್ಯ. ಅಲ್ಲಿ ಅದರ ಅಗತ್ಯವೂ ಹೆಚ್ಚು. ೨೦೨೫–೨೬ರಲ್ಲಿ ಹೊಸ ಪದ್ಧತಿಯಂತೆ ೧೨,೦೦,೦೦೦ ರೂಪಾಯಿವರೆಗಿನ ವರಮಾನಕ್ಕೆ ತೆರಿಗೆ ಪೂರ್ಣ ಮಾಫಿ. ೬,೦೦,೦೦೦ ವರಮಾನದವನು ಏನನ್ನೂ ಕೊಡಬೇಕಿಲ್ಲ. ಅದೇ ವರ್ಷ ೧೮,೦೦,೦೦೦ ಹಿಂಬಾಕಿ ಬಂದರೆ ಮಾಫಿ ತಪ್ಪಿಹೋಗಿ ತೆರಿಗೆ ಸೆಸ್ ಸಹಿತ ೩,೧೨,೦೦೦ಕ್ಕೆ ಏರುತ್ತದೆ. ಅಂಗವಿಕಲನಿಗೆ ೮೦ಯು ಪ್ರಕರಣದಂತೆ ದೊರೆಯುವ ೭೫,೦೦೦ ರೂಪಾಯಿ, ತೀವ್ರ ವೈಕಲ್ಯವಿದ್ದರೆ ೧,೨೫,೦೦೦ ರೂಪಾಯಿಯ ಕಡಿತವೂ ಹೊಸ ಪದ್ಧತಿಯಲ್ಲಿಲ್ಲ. ಆದುದರಿಂದ ಇಡಿಗಂಟು ಬಂದ ವರ್ಷ ಎರಡೂ ಪದ್ಧತಿಗಳಲ್ಲಿ ಲೆಕ್ಕಮಾಡಿ ನೋಡದೆ ಒಂದನ್ನು ಆರಿಸಬಾರದು.

೫. ಬಡ್ಡಿಯ ಪ್ರಶ್ನೆ

ಮೂರನೆಯ ಬಗೆಯ ಹಣ ಬಡ್ಡಿ. ತಡವಾದುದಕ್ಕೆ ಕೊಟ್ಟ ಬಡ್ಡಿಯೂ ನಷ್ಟವನ್ನು ತುಂಬುವ ಹಣವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ೧೯೬೧ರ ಕಾಯಿದೆಯ ನಿಲುವು ಬೇರೆ. ೧೪೫ಬಿ ಪ್ರಕರಣದ ಮಾತಿನಂತೆ ಪರಿಹಾರಧನದ ಮೇಲಣ ಬಡ್ಡಿಯು ಕೈಸೇರಿದ ವರ್ಷದ ವರಮಾನ. ಅದರಲ್ಲಿ ಅರ್ಧವನ್ನು ೫೭ನೆಯ ಪ್ರಕರಣದಂತೆ ಕಳೆದು ಉಳಿದರ್ಧಕ್ಕೆ ಮಾತ್ರ ತೆರಿಗೆ. ಮೇಲಿನ ಲೇತ್ ಕೆಲಸಗಾರನ ೨,೩೮,೬೮೪ ರೂಪಾಯಿ ಬಡ್ಡಿಯಲ್ಲಿ ಹೀಗೆ ೧,೧೯,೩೪೨ ರೂಪಾಯಿ ವರಮಾನಕ್ಕೆ ಸೇರುತ್ತದೆ. ಅವನ ಬೇರೆ ಸಂಪಾದನೆ ಸ್ವಲ್ಪವೇ ಆದರೆ ಇದರಿಂದ ತೆರಿಗೆಯೇನೂ ಬಾರದಿರಬಹುದು. ಆದರೆ ಸಂಬಳಕ್ಕೆಂದು ಏರ್ಪಟ್ಟ ೮೯ನೆಯ ಪ್ರಕರಣದ ರಿಯಾಯಿತಿಯು ಈ ಬಡ್ಡಿಗೆ ಒದಗುವುದಿಲ್ಲ.

ಮೋಟಾರು ಅಪಘಾತದ ಪ್ರಕರಣಗಳಲ್ಲಿ ಈ ನಿಲುವು ಬಹುಕಾಲ ವಿವಾದಕ್ಕೆ ಕಾರಣವಾಯಿತು. ೨೦೧೫ರ ಜೂನ್ ೧ರಿಂದ ನ್ಯಾಯಮಂಡಳಿಯ ತೀರ್ಪಿನ ಬಡ್ಡಿಯು ವರ್ಷವೊಂದರಲ್ಲಿ ೫೦,೦೦೦ ರೂಪಾಯಿ ಮೀರಿದರೆ ವಿಮಾ ಕಂಪನಿಯು ಮೂಲದಲ್ಲಿಯೇ ತೆರಿಗೆಯನ್ನು ಮುರಿದುಕೊಳ್ಳುವ ಕ್ರಮ ಬಂದಿತು. ೨೦೧೯ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ೧೯೭೮ರಲ್ಲಿ ಬಾಲಕನಾಗಿದ್ದಾಗ ಗಾಯಗೊಂಡವನೊಬ್ಬನ ಮೊಕದ್ದಮೆಯಲ್ಲಿ, ಅರ್ಜಿ ಸಲ್ಲಿಸಿದ ದಿನದಿಂದ ತೀರ್ಪಿನ ದಿನದವರೆಗಿನ ಬಡ್ಡಿಯು ಪರಿಹಾರಧನದ ಅಂಗವೇ ಆದುದರಿಂದ ವರಮಾನವಲ್ಲವೆಂದು ತೀರ್ಮಾನಿಸಿತು. ಕಡೆಗೆ ೨೦೨೬ರ ಫೆಬ್ರವರಿ ೧ರ ಮುಂಗಡಪತ್ರದ ಭಾಷಣದಲ್ಲಿ, ಮೋಟಾರು ಅಪಘಾತ ನ್ಯಾಯಮಂಡಳಿಯು ವ್ಯಕ್ತಿಗಳಿಗೆ ಕೊಡಿಸುವ ಬಡ್ಡಿಗೆ ತೆರಿಗೆಯಿಂದ ವಿನಾಯಿತಿ ನೀಡಿ ಮೂಲದ ಕಡಿತವನ್ನೂ ತೆಗೆದುಹಾಕುವ ಪ್ರಸ್ತಾಪ ಬಂದಿತು. ಹೆದ್ದಾರಿಯ ಬದಿಯ ನಮ್ಮ ಜಿಲ್ಲೆಗೆ ಇದು ಗಣ್ಯವಾದ ಸಂಗತಿ. ಆದರೆ ಆ ಪ್ರಸ್ತಾಪ ಮೋಟಾರು ಅಪಘಾತಕ್ಕೆ ಸಂಬಂಧಿಸಿದ್ದು. ಲೇತ್ ಶಾಲೆಯಲ್ಲಿ ಬೆರಳು ಕಳೆದುಕೊಂಡವನ ಬಡ್ಡಿಯನ್ನು ಅದರ ಮಾತು ಒಳಗೊಳ್ಳುವುದಿಲ್ಲ. ರಸ್ತೆಯಲ್ಲಿ ಹೋದ ಕೈಗೂ ಯಂತ್ರದಲ್ಲಿ ಹೋದ ಕೈಗೂ ತೆರಿಗೆಯಲ್ಲಿ ಭೇದವೇಕೆಂಬುದು ವಿದ್ಯಾರ್ಥಿಗಳು ಚರ್ಚಿಸತಕ್ಕ ಪ್ರಶ್ನೆ.

೬. ಒಂದು ತುಲನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂಗವಿಕಲರಿಗೆ ಸಾಮಾಜಿಕ ಭದ್ರತೆಯ ಮಾಸಾಶನವುಂಟು. ಅರ್ಜಿಯ ತೀರ್ಮಾನ ತಡವಾದಾಗ ಅಲ್ಲಿಯೂ ಹಿಂದಿನ ವರ್ಷಗಳ ಹಣ ಒಟ್ಟಿಗೆ ಬರುತ್ತದೆ. ೧೯೮೪ರಿಂದ ಈ ಮಾಸಾಶನದ ಒಂದಂಶವು, ಒಟ್ಟು ವರಮಾನ ನಿಗದಿತ ಮಿತಿಯನ್ನು ಮೀರಿದವರ ವಿಷಯದಲ್ಲಿ, ತೆರಿಗೆಗೆ ಒಳಪಟ್ಟಿದೆ. ಇಡಿಗಂಟು ಪಡೆದವನು ಬಯಸಿದರೆ ಹಿಂದಿನ ವರ್ಷದ ಪಾಲಿನಲ್ಲಿ ತೆರಿಗೆಗೆ ಸಲ್ಲುವ ಅಂಶವೆಷ್ಟೆಂಬುದನ್ನು ಆ ಹಿಂದಿನ ವರ್ಷದ ವರಮಾನದ ಮೇಲೆಯೇ ಗೊತ್ತುಮಾಡಬಹುದು. ಅಲ್ಲಿಯೂ ಹಳೆಯ ವರ್ಷದ ಲೆಕ್ಕಪತ್ರವನ್ನು ತಿದ್ದುವುದಿಲ್ಲ. ಭೇದವಿರುವುದು ಒಂದೆಡೆ: ಅಮೆರಿಕದಲ್ಲಿ ತೆರಿಗೆಗೆ ಒಳಪಡುವ ಅಂಶವನ್ನು ಮಾತ್ರ ಹಳೆಯ ವರ್ಷದಿಂದ ಅಳೆದು ಈಗಿನ ದರದಲ್ಲಿ ತೆರಿಗೆ ಹಾಕುತ್ತಾರೆ, ನಮ್ಮಲ್ಲಿ ತೆರಿಗೆಯನ್ನೇ ಹಳೆಯ ವರ್ಷದ ದರದಿಂದ ಅಳೆಯುತ್ತೇವೆ. ಈ ಒಂದು ಅಂಶದಲ್ಲಿ ನಮ್ಮ ಶಾಸನವೇ ಹೆಚ್ಚು ಸೂಕ್ಷ್ಮವಾಗಿದೆ ಎನ್ನಬಹುದು.

೭. ಆಚರಣೆಯಲ್ಲಿ ಮಾಡತಕ್ಕದ್ದು

ಶಾಸನ ಸೂಕ್ಷ್ಮವಾಗಿದ್ದರೂ ಅದರ ಫಲ ತಾನಾಗಿ ಬಾರದು. ರಿಯಾಯಿತಿಯನ್ನು ಕೇಳಿಯೇ ಪಡೆಯಬೇಕು. ಹಣ ಪಡೆಯುವವನಿಗೆ ನೆರವಾಗುವವರು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಉಚಿತ.

ಮೊದಲನೆಯದಾಗಿ, ಹಣ ಕೊಡುವವರಿಂದ ವಿಂಗಡಣೆಯ ಪಟ್ಟಿಯನ್ನು ಲಿಖಿತವಾಗಿ ಪಡೆಯಬೇಕು: ಪರಿಹಾರಧನವೆಷ್ಟು, ಯಾವ ಯಾವ ವರ್ಷದ ಸಂಬಳವೆಷ್ಟು, ಬಡ್ಡಿ ಎಷ್ಟು, ಮುರಿದುಕೊಂಡ ತೆರಿಗೆ ಎಷ್ಟು. ಒಟ್ಟು ಮೊತ್ತವನ್ನಷ್ಟೇ ಕಾಣಿಸಿದ ಕಾಗದದಿಂದ ಯಾವ ಲೆಕ್ಕವನ್ನೂ ಮಾಡಲಾಗದು. ತೀರ್ಪಿನ ಪ್ರತಿಯನ್ನೂ ಅಂಗವೈಕಲ್ಯದ ಪ್ರಮಾಣಪತ್ರವನ್ನೂ ಇದರೊಂದಿಗೆ ಇರಿಸಿಕೊಳ್ಳಬೇಕು.

ಎರಡನೆಯದಾಗಿ, ಸಂಬಳದ ಹಿಂಬಾಕಿಗೆ ೧೯೬೨ರ ನಿಯಮಾವಳಿಯ ೧೦ಇ ನಮೂನೆಯನ್ನು ವರಮಾನದ ರಿಟರ್ನಿಗಿಂತ ಮುಂಚೆ, ಇಲಾಖೆಯ ಜಾಲತಾಣದ ಮೂಲಕ ಸಲ್ಲಿಸಬೇಕು. ನಮೂನೆ ಸಲ್ಲಿಸದೆ ರಿಟರ್ನಿನಲ್ಲಿ ಮಾತ್ರ ರಿಯಾಯಿತಿ ಕೇಳಿದರೆ ಇಲಾಖೆ ಅದನ್ನು ಮನ್ನಿಸುವುದಿಲ್ಲ. ೨೦೨೫ರ ಕಾಯಿದೆಗೆ ಒಳಪಡುವ ವರ್ಷಗಳಿಗೆ ಹೊಸ ನಿಯಮಾವಳಿಯ ನಮೂನೆಯನ್ನೇ ನೋಡಿಕೊಳ್ಳಬೇಕು.

ಮೂರನೆಯದಾಗಿ, ಸರ್ಕಾರಿ ನೌಕರರು ಹಾಗೂ ಕಂಪನಿ, ಸಹಕಾರ ಸಂಘ, ಸ್ಥಳೀಯ ಸಂಸ್ಥೆ, ವಿಶ್ವವಿದ್ಯಾನಿಲಯ ಮೊದಲಾದವುಗಳ ನೌಕರರು ಇದೇ ವಿವರಗಳನ್ನು ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಮೊದಲೇ ಒಪ್ಪಿಸಿದರೆ, ೧೯೬೧ರ ಕಾಯಿದೆಯ ೧೯೨ನೆಯ ಪ್ರಕರಣದಂತೆ ರಿಯಾಯಿತಿಯನ್ನು ಕಳೆದು ಉಳಿದ ತೆರಿಗೆಯನ್ನು ಮಾತ್ರ ಮುರಿದುಕೊಳ್ಳಲು ಅವಕಾಶವಿದೆ. ನಮ್ಮ ಉದಾಹರಣೆಯ ಚಾಲಕನಿಗೆ ಇದರಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಹಣ ತಿಂಗಳುಗಟ್ಟಲೆ ಮರುಪಾವತಿಗೆ ಕಾಯದೆ ಕೈಯಲ್ಲಿಯೇ ಉಳಿಯುತ್ತದೆ.

ನಾಲ್ಕನೆಯದಾಗಿ, ಕಾಲ ಮೀರಿದವರು ಕೂಡಲೇ ನಿರಾಶರಾಗಬೇಕಿಲ್ಲ. ನೇರ ತೆರಿಗೆಗಳ ಕೇಂದ್ರ ಮಂಡಳಿಯ ೨೦೨೪ರ ಅಕ್ಟೋಬರ್ ೧ರ ಸುತ್ತೋಲೆಯಂತೆ, ತಡವಾದುದಕ್ಕೆ ಸಕಾರಣವಿದ್ದರೆ, ಸಂಬಂಧಪಟ್ಟ ನಿರ್ಧರಣಾ ವರ್ಷ ಮುಗಿದ ಐದು ವರ್ಷದೊಳಗೆ ಮರುಪಾವತಿಗಾಗಿ ವಿಳಂಬ ಮನ್ನಾ ಅರ್ಜಿಯನ್ನು ಸಲ್ಲಿಸಬಹುದು. ಆಸ್ಪತ್ರೆಯಲ್ಲಿದ್ದವನಿಗೆ, ಓಡಾಡಲಾಗದವನಿಗೆ ಸಕಾರಣವನ್ನು ತೋರಿಸುವುದು ಕಷ್ಟವಾಗದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಅಂಗಕ್ಕೆ ಬಂದ ಹಣ ವರಮಾನವಲ್ಲ. ಸಂಬಳಕ್ಕೆ ಬಂದ ಹಣ ವರಮಾನವಾದರೂ ಆಯಾ ವರ್ಷಕ್ಕೆ ಹಂಚಿ ಅಳೆಯತಕ್ಕದ್ದು. ಬಡ್ಡಿಯ ಗತಿ ಅದು ಯಾವ ಕಾಯಿದೆಯಂತೆ ಬಂದಿತೆಂಬುದನ್ನು ಅವಲಂಬಿಸಿದೆ. ಇವುಗಳಲ್ಲಿ ಒಂದನ್ನು ಮತ್ತೊಂದೆಂದು ಎಣಿಸಿದರೆ ನಷ್ಟ ಹೊರುವವನು ಮೊದಲೇ ನಷ್ಟ ಹೊತ್ತವನು.

ಈ ಲೆಕ್ಕಕ್ಕೆ ಬೇಕಾದುದು ಕೂಡುವುದು, ಕಳೆಯುವುದು ಮತ್ತು ಆಯಾ ವರ್ಷದ ದರಗಳ ಪಟ್ಟಿ. ಬಿ.ಕಾಂ. ತರಗತಿಯ ವಿದ್ಯಾರ್ಥಿಗೆ ಇದು ಅಸಾಧ್ಯವಲ್ಲ. ಆದರೆ ಲೇತಿನ ಮುಂದೆ, ಗಿರಣಿಯಲ್ಲಿ, ಬಸ್ಸಿನ ಚಕ್ರದ ಹಿಂದೆ ಆಯುಷ್ಯ ಕಳೆದವನಿಗೆ ಇದು ಅಪರಿಚಿತವಾದ ವಿದ್ಯೆ. ತೆರಿಗೆಯ ಪಾಠ ಹೇಳುವ ಅಧ್ಯಾಪಕರು ೮೯ನೆಯ ಪ್ರಕರಣವನ್ನು ಪರೀಕ್ಷೆಯ ಒಂದು ಲೆಕ್ಕವೆಂದು ಮಾತ್ರ ಕಲಿಸದೆ, ಅದು ಯಾರ ಕೈಗೆ ತಲುಪಬೇಕಾದ ಹಣವೆಂಬುದನ್ನೂ ತಿಳಿಸಿದರೆ, ತರಗತಿಯ ವಿದ್ಯೆಯು ಊರಿನ ಬದುಕಿಗೆ ಒದಗುತ್ತದೆ.